ಬರ್ಫು ಇರುವ ತನಕ ಸೊನ್ನೆ

ನಮ್ಮ ಓಣಿಯ ಜನ ಈಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಹಾಲು ಹಾಕುವವಳು ತಪ್ಪೇಲಿಗೆ ಹಾಲು ಸುರಿದು, ನಾನು ಬಾಯಿ ತೆರೆಯುವುದರೊಳಗೆ ಮೂಲೆ ತಿರುಗಿರುತ್ತಾಳೆ. ನಾನು ಕಟ್ಟೆಗೆ ಬಂದು ಕೂತರೆ ಸಾಕು, ಎದುರುಮನೆಯವಳು ಒಲೆಯ ಮೇಲೆ ಏನೋ ಹೊತ್ತಿತು ಎಂದು ಎದ್ದು ಹೋಗುತ್ತಾಳೆ. ಆಕೆಯ ಮನೆಯಲ್ಲಿ ಅಷ್ಟೆಲ್ಲ ಅಡುಗೆ ಆಗುವುದಿಲ್ಲ, ನನಗೆ ಗೊತ್ತು. ಆದರೂ ತಪ್ಪು ಅವರದಲ್ಲ. ಶಿವರಾತ್ರಿ ವಾರದಿಂದ ನಾನು ಒಂದೇ ಸುದ್ದಿ ಹೇಳುತ್ತಿದ್ದೇನೆ. ಶಹಾಪುರದಲ್ಲಿ ಕೇಳುವ ಕಿವಿಗಳೆಲ್ಲ ಮುಗಿದುಹೋದವು. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ. ಅಕ್ಷರ ದಪ್ಪ, ಸಾಲು ಸೊಟ್ಟ. ಆದರೆ ಕಾಗದಕ್ಕೆ ಎದ್ದು ಹೋಗಲು ಕಾಲಿಲ್ಲ, ಅದು ದೊಡ್ಡ ಅನುಕೂಲ.

ಸುದ್ದಿ ಇಷ್ಟೇ: ನನ್ನ ಮೊಮ್ಮಗಳು ಮಾತಾಡಿದಳು.

ಕೂಸು ಮಾತು ಕಲಿತ ಸುದ್ದಿ ಅಂತ ತಿಳಿಯಬೇಡಿ. ಆಕೆ ಈಗ ಒಂಬತ್ತನೇ ಇಯತ್ತೆ, ನನಗಿಂತ ಗೇಣು ಎತ್ತರ. ಮೂಕಿಯೂ ಅಲ್ಲ. ಮನೆಯೊಳಗೆ ಆಕೆಯ ಬಾಯಿಗೆ ಕದವೂ ಇಲ್ಲ ಚಿಲಕವೂ ಇಲ್ಲ. ಹೊಸ್ತಿಲು ದಾಟಿದಳೋ, ಮುಗಿಯಿತು. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ ನನ್ನ ಕಡೆ ಬೆರಳು ತೋರಿಸುತ್ತಾಳೆ, ನಾನೇ ಊರು ಎಂಬಂತೆ. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ. ಯಾದಗಿರಿಯಲ್ಲಿ ಡಾಕ್ಟರರಿಗೆ ತೋರಿಸಿದೆವು. ಅವರು ಟಾರ್ಚು ಹಿಡಿದು, "ಆ ಅನ್ನವ್ವಾ" ಎಂದರು. ಆಕೆ ನನ್ನ ಮುಖ ನೋಡಿದಳು. ನಾನೇ "ಆ" ಅಂದೆ. ಡಾಕ್ಟರರು ಟಾರ್ಚು ಆರಿಸಿ, ಗಂಟಲಲ್ಲಿ ಏನೂ ದೋಷವಿಲ್ಲ ಎಂದರು. ಯಾರ ಗಂಟಲು ಎಂದು ನಾನೂ ಕೇಳಲಿಲ್ಲ.

ಆಕೆಯ ಅಪ್ಪ, ಅವ್ವ ಬೆಳಕು ಹರಿಯುವಾಗ ಹೊಲಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಹಾಗಾಗಿ ಹೊರಗಿನ ಜಗತ್ತಿನಲ್ಲಿ ಆಕೆಯ ನಾಲಿಗೆ ನಾನೇ ಆಗಿದ್ದೆ. ಆಕೆಗೆ ಹೊಟ್ಟೆ ನೋವಾದರೆ ಎಲ್ಲಿ ನೋವು, ಎಂಥ ನೋವು ಎಲ್ಲವನ್ನೂ ನಾನೇ ಹೇಳುತ್ತಿದ್ದೆ. ಹೇಳಿ ಹೇಳಿ ನನ್ನ ಹೊಟ್ಟೆಯೂ ನೋಯುತ್ತಿತ್ತು.

ಈ ವರ್ಷ ಆಕೆಗೆ ವಿಜ್ಞಾನದ ಹುಚ್ಚು ಹಿಡಿಯಿತು. ಅದೂ ನೀರಿನ ಹುಚ್ಚು. ಸುರಪುರದಿಂದ ದಿನಾ ಬಸ್ಸಿಗೆ ಬರುವ ವಿಜ್ಞಾನದ ಟೀಚರಮ್ಮ ಒಂದು ಗಾಜಿನ ಥರ್ಮಾಮೀಟರು ಕೊಟ್ಟು, ಮನೆಯಲ್ಲಿ ಅಳೆದು ನೋಡು ಅಂದಿದ್ದರು. ಒಳಗೆ ಕೂದಲಿನಂಥ ಕೆಂಪು ಗೆರೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ಪದಾರ್ಥಕ್ಕೂ ಮರ್ಯಾದೆ ಉಳಿಯಲಿಲ್ಲ. ಚಹಾದಲ್ಲಿ ಅದ್ದಿದಳು, ಮಜ್ಜಿಗೆಯಲ್ಲಿ ಅದ್ದಿದಳು, ಬಚ್ಚಲ ಹಂಡೆಯಲ್ಲಿ ಅದ್ದಿದಳು. ನಮ್ಮ ಮನೆಯವರು ಟವೆಲ್ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ಕಾದು ನಿಂತಿದ್ದರು.

"ಮುತ್ಯಾ, ಜರಾ ತಡಿ, ಇನ್ನಾ ಗೆರಿ ನಿಂತಿಲ್ಲ," ಅಂದಳು. ನಮ್ಮ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ ಅನ್ನುತ್ತಾರೆ.

"ಗೆರಿ ನಿಂತಿಲ್ಲೇನ? ನಾ ನಿಂತು ನಿಂತು ಕಾಲು ಸೇದಾಕತ್ಯಾವ. ನನ್ನ ಜಳಕಕ್ಕೂ ಸರ್ಟಿಫಿಕೇಟು ಬೇಕಾತೇನು ಈಗ?"

ಚಹಾ ಮಾಡುವಾಗ ನನಗೂ ಬಿಡಲಿಲ್ಲ.

"ಆಯಿ, ಗ್ಯಾಸ್ ಸಣ್ಣ ಮಾಡು."

"ಯಾಕವ್ವಾ? ಜೋರ ಇಟ್ಟರ ಜಲ್ದಿ ಆಗ್ತದ."

"ಕುದಿ ಬಂದ ಮ್ಯಾಲೆ ನೀ ಎಷ್ಟು ಜೋರ ಇಟ್ಟರೂ ನೀರು ಅದಕ್ಕಿಂತ ಗರಂ ಆಗಂಗಿಲ್ಲ. ನೋಡು, ಗೆರಿ ಅಲ್ಲೇ ನಿಂತದ."

ನೋಡಿದೆ. ಖರೆ, ಅಲ್ಲೇ ನಿಂತಿತ್ತು. ಗ್ಯಾಸ್ ಪೂರ್ತಿ ತಿರುಗಿಸಿದೆ, ಚಹಾ ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು, ಗೆರೆ ಮಾತ್ರ ಅಲುಗಲಿಲ್ಲ.

"ಹಂಗಾದ್ರ ನಾ ಕೊಡೋ ಕಾವು ಎಲ್ಲಿ ಹೊಂಟದ?"

"ಉಗಿಯೊಳಗ ಅಡಗಿ ಕುಂಡ್ರತದ. ಅದಕ್ಕ ಗುಪ್ತೋಷ್ಣ ಅಂತಾರ. ಅದಕ್ಕೇ ಕುದಿಯೋ ನೀರಿಗಿಂತ ಉಗಿ ಬಡದ್ರ ಜಾಸ್ತಿ ಸುಡ್ತದ."

ನಲವತ್ತೈವತ್ತು ವರ್ಷ ಅಡುಗೆ ಮಾಡಿದವಳು ನಾನು. ಕುದಿಯುವ ನೀರಿಗೆ ಅಷ್ಟು ಗ್ಯಾಸು ಸುಮ್ಮನೆ ಸುಟ್ಟೆನಲ್ಲ ಎಂದು ಸಂಕಟವಾಯಿತು. ಕುಕ್ಕರಿನ ವಿಷಯವೇ ಬೇರೆ ಅಂತೆ. ಮುಚ್ಚಳ ಬಿಗಿದು ಒತ್ತಡ ಬಿದ್ದರೆ ನೀರು ನೂರು ದಾಟಿ ಮೇಲೆ ಹೋಗುತ್ತದೆ, ಅದಕ್ಕೇ ಬೇಳೆ ಜಲ್ದಿ ಬೇಯುತ್ತದೆ ಎಂದಳು. ನಮ್ಮ ಮನೆಯವರು ತಲೆ ಒರೆಸಿಕೊಳ್ಳುತ್ತ, "ನಿಮ್ಮ ಆಯಿನೂ ಹಂಗೇ. ಒತ್ತಡ ಬಿದ್ದರ ನೂರು ದಾಟ್ತಾಳ," ಅಂದರು. ಅವತ್ತು ಅವರಿಗೆ ಚಹಾ ಕೊಡಲಿಲ್ಲ.

ಬರ್ಫು, ನೀರು, ಉಗಿ ಮೂರೂ ಒಂದೇ ವಸ್ತು ಎಂದು ಆಕೆ ನನಗೆ ಎಷ್ಟು ಸಲ ಹೇಳಿದಳೋ. ಘನ, ದ್ರವ, ಅನಿಲ. ವೇಷ ಮೂರು, ಒಳಗಿನ ಸರಕು ಒಂದೇ. ನನಗೆ ಇದು ಕಷ್ಟವಾಗಲಿಲ್ಲ. ತವರಲ್ಲಿ ಮಗಳು, ಇಲ್ಲಿಗೆ ಬಂದಾಗ ಸೊಸೆ, ಈಗ ಆಯಿ. ಮನುಷ್ಯಳು ನಾನೊಬ್ಬಳೇ ಅಲ್ಲವೇ? ಸೊಸೆಯಾಗಿದ್ದಾಗ ಗಟ್ಟಿಯಾಗಿದ್ದೆ, ಈಗ ಉಗಿ. ಎಲ್ಲಿ ಸಂದಿ ಸಿಕ್ಕರೂ ಹೊರಗೆ ಬರುತ್ತೇನೆ.

"ಆದ್ರ ಒಂದು ಮಾತು ಆಯಿ," ಎಂದಳು. "ನೀರಿನಾಗ ಬ್ಯಾರೆ ಏನೂ ಕೂಡಿರಬಾರದು. ಆವಾಗ ಅದು ಶುದ್ಧ ವಸ್ತು. ಶುದ್ಧ ಇದ್ದರ ಬರೋಬರ್ ಸೊನ್ನಿಗೇ ಕರಗ್ತದ. ಸುತ್ತ ಎಂಥಾ ಬಿಸಿಲಿರಲಿ, ಒಂದು ಚೂರು ಬರ್ಫು ಉಳಿಯೋ ತನಕ ಗೆರಿ ಸೊನ್ನಿ ಬಿಟ್ಟು ಏಳಂಗಿಲ್ಲ."

ಇದನ್ನೇ ಆಕೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆರಿಸಿಕೊಂಡಳು. ಒಂದು ಬುಟ್ಟಿಯಷ್ಟು ದೊಡ್ಡ ಬರ್ಫಿನ ಗಡ್ಡೆ, ಕೆಳಗೆ ಕರಗಿದ ನೀರಲ್ಲಿ ಥರ್ಮಾಮೀಟರು. ಪಕ್ಕದಲ್ಲಿ ಸಣ್ಣ ಒಲೆ, ಮೇಲೆ ಕುದಿಯುವ ಕೆಟಲಿ. ಹಿಂದೆ ರಟ್ಟಿನ ಮೇಲೆ ಬಣ್ಣದಲ್ಲಿ ಬರೆದದ್ದು: ಬರ್ಫು ಇರುವ ತನಕ ಸೊನ್ನೆ.

ಟೀಚರಮ್ಮ ನನ್ನನ್ನು ಶಾಲೆಯ ಗೇಟಿನ ಹತ್ತಿರ ನಿಲ್ಲಿಸಿಕೊಂಡರು.

"ನೋಡ್ರಿ ಆಯಿ, ಪ್ರಯೋಗ ಆಕಿದೇ. ಚೊಲೋ ಮಾಡ್ಯಾಳ. ಆದ್ರ ಯಾದಗಿರಿಯಿಂದ ನೋಡಾಕ ಬರೋರು ಪ್ರಶ್ನಿ ಕೇಳ್ತಾರ. ಆಕಿನೇ ಬಾಯಿ ತೆಗದು ಹೇಳಬೇಕು. ಹೇಳಲಿಲ್ಲಂದ್ರ ಬ್ಯಾರೆ ಹುಡುಗಿ ನಿಂದ್ರಸಬೇಕಾಗ್ತದ. ಆಮ್ಯಾಲೆ ಜಿಲ್ಲಾ ಪ್ರದರ್ಶನಕ್ಕೂ ಆ ಹುಡುಗಿನೇ ಹೋಗ್ತಾಳ. ನನ್ನ ಕೈಯಾಗಿಲ್ರಿ ಇದು."

"ನಾ ಹೇಳಿದ್ರ ನಡಿಯಂಗಿಲ್ಲೇನ್ರಿ? ನನಗ ಎಲ್ಲಾ ಬಾಯಿಪಾಠ ಅದ."

"ನೀವು ಎಷ್ಟನೇ ಇಯತ್ತೆ ರೀ?"

"ಮೂರನೇದು."

"ಇದು ಹೈಸ್ಕೂಲಿಂದು ಆಯಿ," ಅಂದರು ಟೀಚರಮ್ಮ. ಪಾಪ, ನಗಲಿಲ್ಲ.

ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ. ಆಕೆ ಮೂಲೆಯಲ್ಲಿ ಕೂತು ಬಹಳ ಹೊತ್ತು ಥರ್ಮಾಮೀಟರನ್ನು ಅಂಗೈಯಲ್ಲಿ ಹಿಡಿದು ಗೆರೆ ಏರುವುದನ್ನು ನೋಡಿದಳು. ಆಮೇಲೆ, "ಬರ್ಫು ನಂದು ಆಯಿ. ಆಕಿ ಹ್ಯಾಂಗ ಹೇಳ್ತಾಳ?" ಅಂದಳು. ಅಷ್ಟು ಅಂದವಳು ಊಟಕ್ಕೆ ಏಳಲಿಲ್ಲ.

ಈಗ ಬರ್ಫು ತರಬೇಕು. ಅಷ್ಟು ದೊಡ್ಡ ಗಡ್ಡೆ ಸಿಗುವುದು ಯಾದಗಿರಿಯಲ್ಲಿ. ನನ್ನ ಪರಿಚಯದವಳೊಬ್ಬಳಿದ್ದಾಳೆ, ತಿಂಥಣಿ ಕಡೆಯವಳು, ಹೊಳೆಯ ಮೀನು ತಂದು ಮಾರುವವಳು. ಅವರ ಟೆಂಪೊ ಯಾದಗಿರಿಯಲ್ಲಿ ಬರ್ಫು ಹೇರಿಕೊಂಡು ನಮ್ಮ ಊರು, ಸುರಪುರ ದಾಟಿ ಕೃಷ್ಣಾ ದಂಡೆಗೆ ಹೋಗುತ್ತದೆ. ಪ್ರದರ್ಶನದ ದಿನ ಸೋಮವಾರ. ಬೆಳಿಗ್ಗೆಯೇ ನಮ್ಮ ಬಾಗಿಲಿಗೆ ಟೆಂಪೊ ನಿಲ್ಲಿಸಿ, ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಸುತ್ತಿದ ಗಡ್ಡೆಯನ್ನು ಇಳಿಸಿದಳು.

"ಯಕ್ಕಾ, ನಿನ್ನ ಮೊಮ್ಮಗಳ ಬರ್ಫು. ಮೀನಿಗೆ ಹತ್ತಲಾರದಂಗ ಬ್ಯಾರೆ ಇಟ್ಟು ತಂದೀನಿ ನೋಡು."

ಬೇರೆಯೇ ಇಟ್ಟಿದ್ದಳು, ಸುಳ್ಳಲ್ಲ. ಆದರೆ ಟೆಂಪೊ ಅದೇ ಅಲ್ಲವೇ? ಚೀಲ ಬಿಚ್ಚಿದ್ದೇ ತಡ, ಇಡೀ ಕೃಷ್ಣಾ ಹೊಳೆ ನಮ್ಮ ಅಂಗಳಕ್ಕೆ ಬಂದಂತಾಯಿತು. ನಮ್ಮದು ತತ್ತಿಯನ್ನೂ ಒಳಗೆ ಬಿಡದ ಮನೆ. ಮೊಮ್ಮಗಳು ಮತ್ತೆ ಮತ್ತೆ ಹೇಳಿದ್ದಳು, ಶುದ್ಧ ಇರಬೇಕು, ಬೇರೆ ಏನೂ ಕೂಡಿರಬಾರದು ಎಂದು. ಆಕೆ ಒಳಗೆ ಜಡೆ ಹಾಕಿಕೊಳ್ಳುತ್ತಿದ್ದಳು. ನಾನು ಸೆರಗು ಸಿಕ್ಕಿಸಿದೆ, ಗಡ್ಡೆಯನ್ನು ಬಚ್ಚಲ ಕಲ್ಲಿನ ಮೇಲೆ ಕೂಡಿಸಿದೆ, ಕಡಲೆಹಿಟ್ಟು ಹಚ್ಚಿದೆ, ಹಂಡೆಯ ಬಿಸಿನೀರು ಹಾಕಿ ತಿಕ್ಕತೊಡಗಿದೆ. ಹಸುಗೂಸಿಗೆ ಎರೆಯುತ್ತಾರಲ್ಲ, ಹಾಗೆ. ತಲೆ ತಿಕ್ಕಿದೆ, ಹೆಗಲು ತಿಕ್ಕಿದೆ, ಬೆನ್ನು ತಿಕ್ಕಿದೆ. ಮೂಸಿ ನೋಡಿದೆ, ಇನ್ನೂ ವಾಸನೆ. ಮತ್ತೆ ಬಿಸಿನೀರು.

ಮೀನಿನವಳು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯಕ್ಕಾ, ಬರ್ಫು ತೊಳಿಯೋರ್ನ ಇವತ್ತೇ ನೋಡಿದೆ ನಾ. ಇನ್ನೊಮ್ಮಿ ತೊಳಿ, ತೊಳಿಯಾಕ ಏನೂ ಉಳಿಯಂಗಿಲ್ಲ."

ಅಷ್ಟರಲ್ಲಿ ಮೊಮ್ಮಗಳು ಬಂದು ಕಿರುಚಿದಳು. ಮನೆಯೊಳಗಾದ್ದರಿಂದ ಜೋರಾಗಿಯೇ ಕಿರುಚಿದಳು. ನಾನು ಕೈ ತೆಗೆದೆ. ಚೌಕಾಗಿ ಬಂದಿದ್ದ ಗಡ್ಡೆ ಮೇಲೆಲ್ಲ ದುಂಡಗೆ, ನುಣ್ಣಗೆ ಆಗಿತ್ತು. ಬುಡದಲ್ಲಿ ನನ್ನ ಕೈ ಹೋಗದ ಕಡೆ ಮಾತ್ರ ಚೌಕು ಉಳಿದಿತ್ತು.

"ವಾಸನಿ ಹೋತಿಲ್ಲವ್ವಾ?" ಅಂದೆ.

"ವಾಸನಿ ಅಲ್ಲ, ಅರ್ಧ ಬರ್ಫೇ ಹೋತು!"

ಅಳಲು ಹೊತ್ತಿರಲಿಲ್ಲ. ಆಕೆ ಓಡಿಹೋಗಿ ಮುತ್ಯಾನ ಕರಿಕಂಬಳಿ ತಂದು ಗಡ್ಡೆಗೆ ಸುತ್ತತೊಡಗಿದಳು. ನಮ್ಮ ಮನೆಯವರು ಹೌಹಾರಿದರು.

"ಏ ಹುಚ್ಚಿ! ಬರ್ಫಿಗೆ ಕಂಬಳಿ ಹೊಚ್ಚತೀಯೇನು? ಸೆಕಿಗೆ ಇದ್ದಷ್ಟೂ ಕರಗ್ತದ. ಫ್ಯಾನಿನ ಕೆಳಗ ಇಡು."

"ಮುತ್ಯಾ, ಕಂಬಳಿ ಗರಂ ಇರಂಗಿಲ್ಲ. ಕಾವು ದಾಟಗೊಡಂಗಿಲ್ಲ ಅಷ್ಟೇ. ನಿನ್ನ ಕಾವು ಹೊರಗ ಬಿಡಂಗಿಲ್ಲ, ಬಿಸಿಲಿನ ಕಾವು ಇದರೊಳಗ ಬಿಡಂಗಿಲ್ಲ."

"ಅಂದ್ರ ಇಷ್ಟು ವರ್ಷ ನಾ ನನ್ನ ಕಾವಿಗೇ ಮಲಗೀನೇನು?"

"ಹೌದು."

ಅವರು ಕಂಬಳಿಯನ್ನೇ ನೋಡುತ್ತ ನಿಂತುಬಿಟ್ಟರು. ಯಾರೋ ನಂಬಿದ ಮನುಷ್ಯ ಕೈಕೊಟ್ಟಂತಿತ್ತು ಮುಖ.

ಆಟೋದಲ್ಲಿ ನಾನು ಕಂಬಳಿಯ ಗಂಟನ್ನು ತೊಡೆಯ ಮೇಲೆ ಅಪ್ಪಿ ಕೂತೆ. ಆಟೋದವನು ಕನ್ನಡಿಯಲ್ಲಿ ನೋಡಿ, "ಆಯಿ, ಕೂಸಿಗೆ ಆರಾಮಿಲ್ಲೇನ್ರಿ? ದವಾಖಾನಿಗೆ ಹೊಡಿಲೇನು?" ಎಂದು ಕೇಳಿದ. "ಸಾಲಿಗೆ ಹೊಡಿ," ಅಂದೆ. ಗಂಟಿನಿಂದ ನೀರು ಸೋರಿ ಆಟೋ ತುಂಬ ಹರಿಯುತ್ತಿತ್ತು. ಅವನು ಮತ್ತೆ ಕನ್ನಡಿ ನೋಡಲಿಲ್ಲ, ಕೂಸಿನ ತಾಪತ್ರಯ ಎಂದುಕೊಂಡಿರಬೇಕು. ಮೊಮ್ಮಗಳು ಹೊಸ್ತಿಲು ದಾಟಿದ್ದಳಲ್ಲ, ಬಾಯಿ ಮುಚ್ಚಿ ಕೂತಿದ್ದಳು. ತುಟಿ ಮಾತ್ರ ಒಳಗೊಳಗೇ ಆಡುತ್ತಿತ್ತು. ಪಾಠ ಒಪ್ಪಿಸುತ್ತಿದ್ದಾಳೆ ಎಂದು ಗೊತ್ತಾಗಿ ನಾನು ರಸ್ತೆಯ ಕಡೆ ತಿರುಗಿದೆ. ನೋಡಿದರೆ ನಿಲ್ಲಿಸಿಬಿಡುತ್ತಾಳೆ.

ಶಾಲೆಯಲ್ಲಿ ಎಲ್ಲ ಸರಿಯಾಗಿ ಹೂಡಿದೆವು. ಅಗಲವಾದ ಸ್ಟೀಲಿನ ಬೋಗುಣಿಯಲ್ಲಿ ಗಡ್ಡೆ ನಿಂತಿತು. ಕೆಟಲಿ ಕುದಿಯಿತು. ಗೆರೆ ಸೊನ್ನೆಗೆ ಬಂದು ಕೂತಿತು. ಒಂದು ಕಡೆ ಜ್ವಾಲಾಮುಖಿ ಮಾಡಿಟ್ಟ ಹುಡುಗರು, ಇನ್ನೊಂದು ಕಡೆ ಗಾಳಿಯಂತ್ರ. ಮಾತಿನ ಮಲ್ಲಿಯಾದ ಆ ಬೇರೆ ಹುಡುಗಿ, ಟೀಚರಮ್ಮ ತಯಾರು ಮಾಡಿ ಇಟ್ಟವಳು, ಒಗೆದು ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸ್ವಲ್ಪ ದೂರ ನಿಂತಿದ್ದಳು. ಯಾದಗಿರಿಯವರು ಇನ್ನೂ ಬಂದಿರಲಿಲ್ಲ.

ಮಕ್ಕಳ ತಾಯಂದಿರು ಬಂದರು. ಶಿವರಾತ್ರಿಯ ವಾರ, ಮೇಲಾಗಿ ಸೋಮವಾರ. ಎಲ್ಲರೂ ಗುಡಿಗೆ ಹೋಗಿ ಹಾಗೇ ಶಾಲೆಗೆ ಬಂದವರು. ಕೈಯಲ್ಲಿ ತಂಬಿಗೆ, ಪತ್ರಿ, ಉಳಿದ ಪಂಚಾಮೃತ. ಒಬ್ಬ ಮುದುಕಿ ನಮ್ಮ ಮೇಜಿನ ಮುಂದೆ ಬಂದು ಹಾಗೇ ನಿಂತಳು. ಬುಡ ಚೌಕು, ಮೇಲೆ ದುಂಡಗೆ, ನುಣ್ಣಗೆ, ಬೆಳ್ಳಗೆ, ತಲೆಯಿಂದ ನೀರು ಇಳಿಯುತ್ತಿದೆ. ಹಿಂದೆ ಕೆಟಲಿಯಿಂದ ಹೊಗೆಯಂತೆ ಉಗಿ. ಮುದುಕಿ ಚಪ್ಪಲಿ ಬಿಟ್ಟಳು.

"ಯಪ್ಪಾ, ಶಿವನೇ," ಅಂದವಳು ಹಣೆಯ ವಿಭೂತಿ ಬೆರಳಿಗೆ ತೆಗೆದು ಗಡ್ಡೆಗೆ ಮೂರು ಗೆರೆ ಎಳೆದುಬಿಟ್ಟಳು.

ಆಮೇಲೆ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಸಾಲು ಹತ್ತಿತು. ಒಬ್ಬಾಕೆ ಹಾಲು ಎರೆದಳು, ಒಬ್ಬಾಕೆ ಸಕ್ಕರೆ, ಜೇನುತುಪ್ಪ, ಇನ್ನೊಬ್ಬಾಕೆ ಎಳನೀರು. ಥರ್ಮಾಮೀಟರಿಗೂ ಕುಂಕುಮ ಹಚ್ಚಿದರು. ಗಾಳಿಯಂತ್ರದ ಹುಡುಗರು ತಮ್ಮ ಯಂತ್ರ ಬಿಟ್ಟು ಬಂದು ಪ್ರಸಾದ ಉಂಟೇನು ಎಂದು ಕೇಳಿದರು. ಆ ಕಡೆ ಜ್ವಾಲಾಮುಖಿ ಒಬ್ಬರೂ ನೋಡದೆ ಉಕ್ಕಿ ಆರಿಹೋಯಿತು. ಹೆಡ್‌ಮಾಸ್ತರರು ಗದರಿಸಲು ದಪದಪ ಬಂದರು. ಹತ್ತಿರ ಬಂದು ನೋಡಿದರು. ನಿಧಾನವಾಗಿ ಬೂಟು ಕಳಚಿದರು.

"ಆಯಿ, ಹೇಳು ಅವ್ರಿಗೆ," ಎಂದು ಮೊಮ್ಮಗಳು ನನ್ನ ಕಿವಿಯಲ್ಲಿ ಉಸುರಿದಳು. ಸೆರಗು ಜಗ್ಗಿದಳು.

ನಾನು ಹೇಳಿದೆ. "ಅವ್ವಗೋಳ್ರಾ, ಇದು ಪ್ರಯೋಗ ಅದರಿ! ದೇವ್ರಲ್ಲ! ನಾನೇ ಮುಂಜಾನಿ ಕಡ್ಲಿಹಿಟ್ಟು ಹಚ್ಚಿ ತಿಕ್ಕೀನಿ!"

"ನೀ ತಿಕ್ಕಿದ್ರ ದೇವ್ರು ಆಗಂಗಿಲ್ಲೇನು?" ಎಂದಳು ಮುದುಕಿ. "ಕಲ್ಲುಕುಟಗ ತಿಕ್ಕಿದ್ರ ಆಗ್ತಾನ, ನೀ ತಿಕ್ಕಿದ್ರ ಆಗಂಗಿಲ್ಲೇನು? ನಿನ್ನ ಕೈಗೂ ಪುಣ್ಯ ಅದ ಬಿಡು."

ನಾನು ನನ್ನ ಕೈಯನ್ನೇ ಒಮ್ಮೆ ತಿರುಗಿಸಿ ನೋಡಿಕೊಂಡೆ. ಸ್ವಲ್ಪ ಹೆಮ್ಮೆಯೂ ಆಯಿತು.

ಹಾಲು, ಎಳನೀರು ಎರೆದಂತೆಲ್ಲ ಗಡ್ಡೆ ಸೊರಗತೊಡಗಿತು. ಹೆಂಗಸರಿಗೆ ಗಾಬರಿ. ದೇವರು ಕರಗುತ್ತಿದ್ದಾನೆ! ಆಗ ಕುಲ್ಫಿ ಗಾಡಿಯವನ ಹೆಂಡತಿ ಮುಂದೆ ಬಂದಳು.

"ಸರೀರಿ ಎಲ್ಲಾರು. ನಮ್ಮ ಮನಿಯವ್ರು ಕುಲ್ಫಿ ಡಬ್ಬಿ ಸುತ್ತ ಬರ್ಫಿಗೆ ಉಪ್ಪು ಹಾಕ್ತಾರ. ಕುಲ್ಫಿ ಕಲ್ಲಾದಂಗ ಆಗ್ತದ. ದೇವ್ರೂ ಗಟ್ಟಿ ಆಗ್ತಾನ."

ಗೇಟಿನ ಎದುರಿನ ಅಂಗಡಿಯಿಂದ ಹರಳುಪ್ಪು ತಂದು ಚೀಲ ಬೋರಲು ಹಾಕಿದಳು. ಬೋಗುಣಿ ಕೈ ಇಡಲಾರದಷ್ಟು ತಣ್ಣಗಾಯಿತು, ಹೊರಮೈಯಲ್ಲಿ ಬೆವರು ಮೂಡಿತು. "ನೋಡ್ರಿ, ಠಂಡಾ ಆತು!" ಎಂದು ಎಲ್ಲರೂ ಕೈ ಮುಗಿದರು. ಆದರೆ ಬರ್ಫು ಮೊದಲಿಗಿಂತ ಜೋರಾಗಿ ಕರಗಿತು. ಕುಲ್ಫಿ ಡಬ್ಬಿಯ ಒಳಗೆ ಇರುತ್ತದೆ, ಉಪ್ಪು ಡಬ್ಬಿಯ ಹೊರಗೆ. ಇಲ್ಲಿ ದೇವರೇ ಉಪ್ಪಿನ ಜೊತೆ ಹೊರಗಿದ್ದ, ಯಾರು ಹೇಳಬೇಕು? ಹೇಳಬಲ್ಲವಳು ಒಬ್ಬಳೇ. ಆಕೆ ನನ್ನ ಬೆನ್ನ ಹಿಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಯಾದಗಿರಿಯವರು ಬಂದದ್ದು ಆ ಹೊತ್ತಿಗೆ. ಕನ್ನಡಕದ ಒಬ್ಬ ಸರ್, ಜೊತೆಗೊಬ್ಬ ಮೇಡಂ. ಬೋಗುಣಿಯಲ್ಲಿ ತೆಂಗಿನಕಾಯಿಯಷ್ಟು ಬರ್ಫು, ಸುತ್ತ ಹಾಲು ಬಣ್ಣದ ನೀರು, ಮೇಲೆ ತೇಲುವ ಪತ್ರಿ. ಸರ್ ಅದನ್ನು ನೋಡಿದರು, ರಟ್ಟಿನ ಮೇಲಿನ ಬರಹ ನೋಡಿದರು, ಹೆಡ್‌ಮಾಸ್ತರರ ಬರಿಗಾಲು ನೋಡಿದರು.

"ಇದೇನಮ್ಮ? ಹೇಳು," ಎಂದು ಮೊಮ್ಮಗಳನ್ನು ಕೇಳಿದರು.

ಆಕೆ ನೆಲ ನೋಡಿದಳು. ನನ್ನ ಬಾಯಿ ಅರ್ಧ ತೆರೆದಿತ್ತು. ಟೀಚರಮ್ಮ ದೂರದಿಂದಲೇ ನನಗೆ ಬೇಡ ಎಂಬಂತೆ ತಲೆ ಆಡಿಸಿದರು. ಬಾಯಿ ಮುಚ್ಚಿಕೊಂಡೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಸರ್ ಕಾದರು. ಮೇಡಂ ಕಾದರು. ಕೆಟಲಿಯ ಮುಚ್ಚಳ ಟಕಟಕ ಅನ್ನುತ್ತಿತ್ತು. ಟೀಚರಮ್ಮ ನಿಟ್ಟುಸಿರು ಬಿಟ್ಟು ಆ ಇಸ್ತ್ರಿ ಬಟ್ಟೆಯ ಹುಡುಗಿಗೆ ಬಾ ಎಂದು ಕೈ ಮಾಡಿದರು. ಹುಡುಗಿ ಗಂಟಲು ಸರಿಮಾಡಿಕೊಂಡು ಹೊರಟಳು.

ಅಷ್ಟರಲ್ಲಿ ಸರ್ ಬಗ್ಗಿ, ಕುಂಕುಮ ಒರೆಸಿ ಥರ್ಮಾಮೀಟರು ನೋಡಿದರು. ಕೆಂಪು ಗೆರೆ ಸೊನ್ನೆಯ ಕೆಳಗಿತ್ತು. ಸ್ವಲ್ಪವಲ್ಲ, ಚೆನ್ನಾಗಿಯೇ ಕೆಳಗಿತ್ತು.

"ಬರ್ಫು ನೀರು ಕೂಡಿದ್ದು ಸೊನ್ನೆ ತೋರಿಸಬೇಕು," ಎಂದರು ಮೇಡಂಗೆ. "ಥರ್ಮಾಮೀಟರ್ ಕೆಟ್ಟಿದೆ. ಮುಂದೆ ನಡೀರಿ."

"ಥರ್ಮಾಮೀಟರ್ ಕೆಟ್ಟಿಲ್ರಿ ಸರ್."

ಯಾರದೋ ದನಿ ಎಂದು ನಾನೂ ಸುತ್ತ ನೋಡಿದೆ. ಹೊರಗೆ ಆ ದನಿ ಪಿಸುಮಾತು ದಾಟಿದ್ದನ್ನು ನಾನು ಕೇಳಿರಲೇ ಇಲ್ಲ.

"ನೀರು ಕೆಟ್ಟದ ರೀ," ಎಂದಳು ನನ್ನ ಮೊಮ್ಮಗಳು. "ಇದು ಈಗ ಶುದ್ಧ ವಸ್ತು ಅಲ್ರಿ. ಇದರಾಗ ಹಾಲು ಅದ, ಸಕ್ಕರಿ ಅದ, ಜೇನುತುಪ್ಪ ಅದ, ಉಪ್ಪಂತೂ ಒಂದು ಚೀಲ ಅದ. ಬ್ಯಾರೆ ಏನರೆ ಕೂಡಿದ್ರ ಬರ್ಫು ಸೊನ್ನಿಗಿಂತ ಕೆಳಗ ಕರಗ್ತದ. ಅದಕ್ಕೇ ಗೆರಿ ಇಳದದ. ಥರ್ಮಾಮೀಟರ್ ಖರೇನೇ ಹೇಳಾಕತ್ತದ. ಬೇಕಂದ್ರ ರುಚಿ ನೋಡ್ರಿ."

ಸರ್ ತೀರ್ಥದಂತೆ ಅಂಗೈಯಲ್ಲಿ ತೆಗೆದುಕೊಂಡು ರುಚಿ ನೋಡಿದರು. ಅವರ ಮುಖ ಹಿಂಡಿದ ಲಿಂಬೆಕಾಯಿಯಾಯಿತು. ಕುಲ್ಫಿಯವಳು, "ಉಪ್ಪು ನಂದು ರೀ," ಎಂದು ಹಿಂದಿನಿಂದ ಹೆಮ್ಮೆಯಿಂದ ಹೇಳಿದಳು.

"ಬಾಯಿಮಾತು ಸಾಲದು. ಥರ್ಮಾಮೀಟರ್ ಸರಿ ಇದೆ ಅಂತ ಹೇಗೆ ತೋರಿಸ್ತೀಯ?" ಎಂದರು ಸರ್.

ಮೊಮ್ಮಗಳು ಬೋಗುಣಿಗೆ ಎರಡೂ ಕೈ ಹಾಕಿ ಬರ್ಫನ್ನು ಎತ್ತಿಬಿಟ್ಟಳು. ಹೆಂಗಸರು "ಅಯ್ಯಯ್ಯ!" ಎಂದರು.

"ಏ ಹುಡುಗಿ, ಪೂಜಿ ಆದ ದೇವ್ರನ್ನ ಕದಲಸ್ತಾರೇನು?" ಎಂದು ಮುದುಕಿ ಕೋಲು ಎತ್ತಿದಳು.

"ಅಜ್ಜಿ, ದೇವ್ರಿಗೆ ಉಪ್ಪು ಹಾಕ್ತಾರೇನು? ಸುಮ್ನ ನಿಂದ್ರು, ನೋಡು!" ಅಂದಳು ಈಕೆ. ಮುದುಕಿ ಕೋಲು ಇಳಿಸಿದಳು. ಕುಲ್ಫಿಯವಳ ಕಡೆ ತಿರುಗಿ, "ಖರೆ, ಯಾರು ಹಾಕ್ತಾರ ಉಪ್ಪು?" ಎಂದು ಜಬರಿಸಿದಳು.

ಮೊಮ್ಮಗಳು ಕುಡಿಯುವ ನೀರಿನ ಕ್ಯಾನಿನಿಂದ ಬರ್ಫಿನ ಮೇಲೆ ನೀರು ಹರಿಸಿ ಚೆಲ್ಲಿದಳು. ಚೊಕ್ಕ ಪಾತ್ರೆಯಲ್ಲಿಟ್ಟು ಬೇರೆ ನೀರು ಹಾಕಿದಳು. ಥರ್ಮಾಮೀಟರು ಒರೆಸಿ ಅದ್ದಿದಳು, ಚಮಚದಿಂದ ತಿರುವತೊಡಗಿದಳು. ಎಲ್ಲರೂ ಮುಗಿಬಿದ್ದರು. ಇಸ್ತ್ರಿ ಬಟ್ಟೆಯ ಹುಡುಗಿಯೂ ಇಣುಕಿದಳು.

"ಗೆರಿ ಏರಾಕತ್ತದ!" ಎಂದಳೊಬ್ಬಳು.

"ಏರಲಿ, ಏರಲಿ."

"ಎಲ್ಲಿಗೆ ಬಂತು?"

"ಸೊನ್ನಿ ಹತ್ರ. ನಿಂತದ! ನಿಂತದ ನೋಡ್ರೇ!"

ಗೆರೆ ಸೊನ್ನೆಗೆ ಬಂದು ನಿಂತಿತ್ತು. ಚಪ್ಪಾಳೆ ಬಿತ್ತು. ಸರ್ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಸರಿ ಎಂದು ತಲೆ ಆಡಿಸಿ, ಊಟದ ಹೊತ್ತಾಯಿತು ಎಂದು ಮೇಡಂ ಕಡೆ ತಿರುಗಿದರು.

"ಎಲ್ಲಿಗೆ ಹೊಂಟ್ರಿ ಸರ್?" ಎಂದಳು ಮೊಮ್ಮಗಳು. "ಇನ್ನಾ ಮುಗದಿಲ್ಲ. ಬರ್ಫು ಇರೋ ತನಕ ಸೊನ್ನಿ ಅಂತ ಬರದೀನಿ. ಬರ್ಫು ಇನ್ನಾ ಉಳದದ ನೋಡ್ರಿ."

"ನಂಬಿದೆನಮ್ಮ."

"ನಂಬೋದಲ್ರಿ, ನೋಡಬೇಕು."

ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಮುದುಕಿ ಕೋಲಿನಿಂದ ಬೆಂಚು ತೋರಿಸಿ, "ಕುಂದ್ರಪ್ಪಾ. ದೇವ್ರನ್ನ ಕಳಿಸಿ ಹೋಗು," ಎಂದಳು. ಪರೀಕ್ಷಕರಿಬ್ಬರೂ ಕೂತರು. ಹೆಡ್‌ಮಾಸ್ತರರು ಊಟದ ಗಂಟೆ ಹೊಡೆಯಲು ಹೊರಟಿದ್ದ ಜವಾನನಿಗೆ ಬೇಡ ಎಂದು ಸನ್ನೆ ಮಾಡಿದರು. ಇಡೀ ಶಾಲೆ ಒಂದು ಪಾತ್ರೆಯ ಸುತ್ತ ನಿಂತಿತು. ಹೊರಗೆ ಬಿಸಿಲು ಹಂಚು ಕಾಯಿಸುತ್ತಿತ್ತು, ಸರ್ ಅಂಗಿ ಬೆವರಿಗೆ ಅಂಟಿತ್ತು. ಬರ್ಫು ಲಿಂಬೆಕಾಯಿಯಾಯಿತು, ಅಡಿಕೆಯಾಯಿತು, ಬೇಳೆಯಾಯಿತು. ಗೆರೆ ಸೊನ್ನೆಯಲ್ಲೇ. ಅಷ್ಟು ಹೊತ್ತೂ ಆಕೆ ಮಾತಾಡುತ್ತಲೇ ಇದ್ದಳು. ಕಾವು ಎಲ್ಲಿ ಅಡಗುತ್ತದೆ, ಕುಕ್ಕರ್ ಯಾಕೆ ಸೀಟಿ ಹೊಡೆಯುತ್ತದೆ, ಮುತ್ಯಾ ಯಾರ ಕಾವಿಗೆ ಮಲಗುತ್ತಾನೆ, ಎಲ್ಲ. ಸರ್ ಒಮ್ಮೆ ಏನೋ ಕೇಳಲು ಬಾಯಿ ತೆರೆದರು. "ಜರಾ ತಡೀರಿ," ಎಂದಳು.

ಬೇಳೆಯೂ ಕರಗಿತು. ಗೆರೆ ಸಣ್ಣಗೆ ಅಲುಗಿತು, ಆಮೇಲೆ ಮೇಲೆ ಹೊರಟಿತು. ಹೆಂಗಸರಲ್ಲಿ ಕೆಲವರು ಚಪ್ಪಾಳೆ ಹೊಡೆದರು, ಕೆಲವರು ಕಣ್ಣು ಒರೆಸಿಕೊಂಡರು. ಮುದುಕಿ ಪಾತ್ರೆಯ ನೀರನ್ನು ತಲೆಗೆ ಚಿಮುಕಿಸಿಕೊಂಡು, "ಚೊಲೋ ಹೋದ," ಎಂದಳು.

ಸಂಜೆ ಪೆಂಡಾಲಿನಲ್ಲಿ ಹೆಡ್‌ಮಾಸ್ತರರು ಮೈಕು ಹಿಡಿದು, ಜಿಲ್ಲೆಗೆ ಹೋಗುವುದು 'ಬರ್ಫು ಇರುವ ತನಕ ಸೊನ್ನೆ' ಎಂದು ಸಾರಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ಪಕ್ಕದವಳ ಕೈ ಹಿಡಿದು ಹಿಂಡಿದ್ದೆ. ಆಕೆ ಬಿಡಿಸಿಕೊಂಡಳು. ಹೆಡ್‌ಮಾಸ್ತರರು ರೂಢಿಯಂತೆ ನನ್ನ ಕಡೆ ನೋಡಿ, "ಹುಡುಗಿ ಪರವಾಗಿ ಅವರ ಆಯಿ ಎರಡು ಮಾತಾಡಬೇಕು," ಎಂದರು. ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಹೇಳಲು ಬೇಕಾದಷ್ಟಿತ್ತು.

ಸೆರಗು ಹಿಂದಿನಿಂದ ಜಗ್ಗಿತು.

"ಆಯಿ, ನೀ ಕುಂದ್ರು," ಎಂದಳು. "ನಾ ಹೇಳ್ತೀನಿ."

ಕೂತೆ. ಆಕೆ ಮೆಟ್ಟಿಲು ಹತ್ತಿದಳು, ಮೈಕನ್ನು ತನ್ನ ಎತ್ತರಕ್ಕೆ ಏರಿಸಿಕೊಂಡಳು. ಏನು ಹೇಳಿದಳು ಎಂದು ಮೊದಮೊದಲು ಓಣಿಯವರೆಲ್ಲ ಕೇಳಿದರು, ಅದೊಂದನ್ನು ಮಾತ್ರ ಹೇಳಲು ನನಗೆ ಬರುವುದಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ. ಆಕೆಯ ಬಾಯಿ ಆಡುವುದನ್ನೇ ನೋಡುತ್ತ ಕೂತಿದ್ದೆ.